ರೂಪಾಯಿ ಏರಿದ ಸುಗ್ಗಿ

1920ರ ಹತ್ತಿ ಸುಗ್ಗಿಯಲ್ಲಿ ನಾನು ಬೈಲಹೊಂಗಲದ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಆಗಿದ್ದೆ. ಬೀಜದಿಂದ ಅರಳೆ ಬಿಡಿಸುವ ಯಂತ್ರಗಳ ಅಬ್ಬರ, ಅವುಗಳಿಗೆ ಹತ್ತಿ ಉಣಿಸುವ ಹೆಣ್ಣುಮಕ್ಕಳ ಮಾತು, ಹೊರಗೆ ಕಿತ್ತೂರು, ಸವದತ್ತಿ ಕಡೆಯ ಚಕ್ಕಡಿಗಳ ಸಾಲು. ಆ ಗದ್ದಲವೆಂದರೆ ನನಗೆ ಪ್ರಾಣ. ಈಗ ನೆನೆದರೂ ಕೂತಲ್ಲಿ ಕೂರಲಾಗುವುದಿಲ್ಲ.

ಆ ವರ್ಷ ರೂಪಾಯಿಗೆ ರೆಕ್ಕೆ ಬಂದಿತ್ತು. ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ನಾಣ್ಯದಲ್ಲಿ ಒಂದು ಶಿಲಿಂಗ್ ನಾಲ್ಕು ಪೆನ್ಸ್ ಬಾಳುತ್ತಿದ್ದ ರೂಪಾಯಿ ಎರಡು ಶಿಲಿಂಗನ್ನೂ ದಾಟಿತು. ಮುಂಬಯಿಯಿಂದ ಈ ತಂತಿ ಬಂದಾಗ ಫ್ಯಾಕ್ಟರಿಯ ಮಾಲೀಕರಾದ ನಮ್ಮ ಸಾಹುಕಾರರು ಹಿಗ್ಗಿ ಹೀರೇಕಾಯಿಯಾದರು.

"ನಮ್ಮ ರೂಪಾಯಿ ಗಟ್ಟಿ ಆತಂದ್ರ ನಮ್ಮ ಹತ್ತಿನೂ ಗಟ್ಟಿ ಆದಂಗರಿ" ಎಂದು ಪೇಟೆಗೆಲ್ಲ ಪೇಡೆ ಹಂಚಿಸಿದರು. ತಡೆಯಲು ಹೋದ ನನ್ನ ಬಾಯಿಗೂ ಒಂದು ತುರುಕಿದರು. ಆಮೇಲೆ ಪೇಟೆಯ ಪದ್ಧತಿಯಂತೆ ಅರಿವೆಯ ಮರೆಯಲ್ಲಿ ದಲಾಲನ ಬೆರಳು ಹಿಡಿದು ದರ ಕುದುರಿಸಿ, ದುಬಾರಿಗೆ ಚಕ್ಕಡಿಗಟ್ಟಲೆ ಹತ್ತಿ ಕೊಂಡರು. ಬೆರಳು ಹಿಡಿದು ಒಪ್ಪಿದ ದರವನ್ನು ಯಾರೂ ಮುರಿಯುವಂತಿರಲಿಲ್ಲ.

ನಿಜವಾದ ಲೆಕ್ಕ ತಿರುವುಮುರುವಾಗಿತ್ತು. ಹೊರದೇಶದ ಗಿರಾಕಿಯ ಲೆಕ್ಕವೆಲ್ಲ ಪೌಂಡಿನಲ್ಲಿ. ರೂಪಾಯಿ ತುಟ್ಟಿಯಾದರೆ ಅದೇ ಪೌಂಡಿಗೆ ನಮಗೆ ಕಡಿಮೆ ರೂಪಾಯಿ ಬರುತ್ತವೆ. ಕೆಲವೇ ದಿನಗಳಲ್ಲಿ ನಮ್ಮ ಹತ್ತಿ ಕೊಳ್ಳುವ ಮುಂಬಯಿಯವರು ದರ ಇಳಿಸಿದರು. ಸಾಹುಕಾರರು ಹೆಣ್ಣುಮಕ್ಕಳ ಕೂಲಿಯಲ್ಲಿ ಕಾಲು ಭಾಗ ಕಡಿಯಲು ನನಗೆ ಹೇಳಿದರು. ಸಂತೆಯಲ್ಲಿ ಜೋಳದ ದರ ಮಾತ್ರ ಇಳಿದಿರಲಿಲ್ಲ. ಕೂಲಿ ಕಡಿದರೆ ಆ ಮನೆಗಳಲ್ಲಿ ಒಂದು ಹೊತ್ತಿನ ರೊಟ್ಟಿ ತಪ್ಪುತ್ತಿತ್ತು.

ಕೂಲಿಯವರ ಮುಂದಾಳು ನೀಲವ್ವ ನೇರವಾಗಿ ಸಾಹುಕಾರರ ಗಾದಿಯ ಮುಂದೆ ಬಂದು ನಿಂತಳು.

"ಸುಗ್ಗಿ ಪೂಜಿ ದಿನ ನನ್ನ ಕೈಯಾಗ ಎಲಿ ಅಡಿಕಿ ಇಟ್ಟು ಕೂಲಿ ಮಾತಾಡೀರಿ. ದಲಾಲನ ಬೆರಳು ಹಿಡದು ಕೊಟ್ಟ ಮಾತು ಉಳಸ್ಕೊಂಡ್ರಿ. ನಮಗ ಕೊಟ್ಟಿದ್ದು ಮಾತಲ್ಲೇನ್ರಿ?"

ಸಾಹುಕಾರರ ಮುಖ ಕೆಂಪೇರಿತು. ಅವರು ನನ್ನತ್ತ ತಿರುಗಿದರು. "ಹಂಗಾದ್ರ ಈ ಲುಕ್ಸಾನ ಎಲ್ಲಿಂದ ತುಂಬ್ಲಿ ಮ್ಯಾನೇಜರ್ರ?"

ಆಗ ನನಗೆ ಹೊಳೆಯಿತು. ಬ್ಲೇಡು ಸವೆದು, ಬೆಲ್ಟು ಹರಿದು ನಮ್ಮ ಅರ್ಧ ಯಂತ್ರಗಳು ಸುಮ್ಮನೆ ನಿಂತಿದ್ದವು. ಇಂಗ್ಲೆಂಡಿನ ಸಾಮಾನು ತುಟ್ಟಿಯೆಂದು ಸಾಹುಕಾರರು ವರ್ಷಗಟ್ಟಲೆ ಮುಂದೂಡಿದ್ದರು.

"ಹತ್ತಿ ದರ ಇಳಿಸಿದ ರೂಪಾಯಿನೇ ಬಿಲಾತಿ ಸಾಮಾನನೂ ಸೋವಿ ಮಾಡೇತ್ರಿ. ನಿಂತ ಯಂತ್ರ ತಿರುಗಿಸಿ ಬ್ಯಾರೇದವರ ಹತ್ತಿ ಬಿಡಿಸಿ ಬಾಡಿಗಿ ಗಳಸೋಣ, ಕೂಲಿ ಕಡಿಯೂದು ಬ್ಯಾಡ್ರಿ. ಇವತ್ತ ಮುಂಬಯಿಗೆ ತಂತಿ ಕಳಸ್ತೇನಿ" ಎಂದೆ. ನೀಲವ್ವ ಅಲ್ಲಿಂದ ಕದಲಲಿಲ್ಲ. ಕೊನೆಗೆ ಸಾಹುಕಾರರು "ಕಳಸ್ರಿ" ಎಂದರು.

ಸಾಮಾನು ಬಂತು. ಎಲ್ಲ ಯಂತ್ರಗಳೂ ಒಟ್ಟಿಗೆ ತಿರುಗಿದ ಆ ಬೆಳಗ್ಗೆ ನಾನು ಹುಚ್ಚನಂತೆ ಅಂಗಳವೆಲ್ಲ ಓಡಾಡಿದೆ. ಬೇರೆ ವ್ಯಾಪಾರಿಗಳ ಹತ್ತಿಯನ್ನೂ ಬಾಡಿಗೆಗೆ ಬಿಡಿಸಿಕೊಟ್ಟೆವು. ಆ ಬಾಡಿಗೆ ಬರುತ್ತಿದ್ದುದು ರೂಪಾಯಿಯಲ್ಲೇ ಆದ್ದರಿಂದ ಪೌಂಡಿನ ಆಟ ಅದನ್ನು ಮುಟ್ಟಲಿಲ್ಲ. ಸಾಹುಕಾರರ ನಷ್ಟ ಪೂರ್ತಿ ತುಂಬಲಿಲ್ಲ, ನಿಜ. ಕೂಲಿ ಮಾತ್ರ ಸುಗ್ಗಿ ಮುಗಿಯುವವರೆಗೂ ಪೂರ್ತಿ ಸಂದಿತು.

ಅಂದಿನಿಂದ ವಿನಿಮಯ ದರದ ಸುದ್ದಿ ಬಂದಾಗಲೆಲ್ಲ ನಾನು ಎರಡು ಸಲ ಲೆಕ್ಕ ಹಾಕುತ್ತೇನೆ, ಮಾರುವುದಕ್ಕೊಂದು, ಕೊಳ್ಳುವುದಕ್ಕೊಂದು. ದರ ನಿಶ್ಚಯವಾಗುವುದು ದೂರದ ಲಂಡನ್ನಿನಲ್ಲಿ. ಅದರ ಪೆಟ್ಟು ಯಾರ ತಾಟಿನ ಮೇಲೆ ಬೀಳಬೇಕೆಂಬುದು ನಿಶ್ಚಯವಾಗುವುದು ನಮ್ಮ ಗಾದಿಯ ಮೇಲೆ.