ಬೆಂಕಿ ಹತ್ತದ ಬಲ್ಬು

ಸಿಕಂದರಾಬಾದಿನ ನಮ್ಮ ಶಾಲೆಯ ಪ್ರಯೋಗದ ಕೋಣೆಯಲ್ಲಿ ಒಬ್ಬ ಹುಡುಗಿ ಸದಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದಳು. ಗೆಳತಿಯರು ತಂತಿ ಜೋಡಿಸಿದರೆ ಇವಳು ದೂರದಿಂದಲೇ ಲೆಕ್ಕ ಹೇಳುತ್ತಿದ್ದಳು, ಅದೂ ಬಾಯಿಲೆಕ್ಕ, ಒಂದೂ ತಪ್ಪದೆ. ಚಿಕ್ಕವಳಿದ್ದಾಗ ಮನೆಯ ಇಸ್ತ್ರಿಪೆಟ್ಟಿಗೆ ಶಾಕ್ ಹೊಡೆದಿತ್ತಂತೆ. ಅಂದಿನಿಂದ ಫ್ಯಾನಿನ ಸ್ವಿಚ್ ಒತ್ತಲಿಕ್ಕೂ ತಮ್ಮನನ್ನು ಕರೆಯಬೇಕು. ಅವರದು ರಾಯಚೂರು ಕಡೆಯ ಮನೆತನ, ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ. ಅವಳಿಗೆ ವಿಜ್ಞಾನ ಕಲಿಸುವ ನಾನು ಕಲಬುರಗಿಯವಳು. ತರಗತಿಯಲ್ಲಿ ತೆಲುಗು, ಹಿಂದಿ, ಇಂಗ್ಲಿಷು ಎಲ್ಲ ನಡೆದರೂ ನಮ್ಮಿಬ್ಬರ ಮಾತು ಮಾತ್ರ ಕನ್ನಡದಲ್ಲೇ.

"ಮುಂದ ನಾ ಕಾಮರ್ಸ್ ತಗೋತೀನ್ರಿ ಟೀಚರ್," ಎಂದಳು ಒಂದು ದಿನ. "ಸೈನ್ಸ್ ತಗೊಂಡ್ರ ತಂತಿ ಮುಟ್ಟಬೇಕಾಗ್ತದ."

ನನಗೆ ಮೈಯೆಲ್ಲ ಉರಿಯಿತು. ಕಾಮರ್ಸಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಇಂಥ ಹುಡುಗಿಯನ್ನು ಒಂದು ಹಳೇ ಇಸ್ತ್ರಿಪೆಟ್ಟಿಗೆ ನನ್ನಿಂದ ಕಸಿದುಕೊಳ್ಳುವುದೆಂದರೆ!

ಆ ವಾರವೇ ಶಾಲೆಗೆ ಕಂಪ್ಯೂಟರಿನಲ್ಲಿ ಪ್ರಯೋಗ ಮಾಡುವ ಸಾಫ್ಟ್‌ವೇರ್ ಬಂದಿತ್ತು. ಪರದೆಯ ಮೇಲೆ ಸೆಲ್ಲು, ತಂತಿ, ಬಲ್ಬುಗಳನ್ನು ಎಳೆದು ತಂದು ಜೋಡಿಸಿದರೆ ಬಲ್ಬು ಉರಿಯುತ್ತದೆ. ನಾನು ವೋಲ್ಟೇಜಿನ ಪಾಠವನ್ನು ಚಂದಾಗಿ ಸಿದ್ಧಮಾಡಿಕೊಂಡು ಹೋಗಿದ್ದೆ. ಯಾರು ಕೇಳಬೇಕು? ಸೆಲ್ಲಿಗೆ ಸೆಲ್ಲು ಸೇರಿಸುತ್ತ ಹೋದರೆ ಬಲ್ಬಿಗೆ ಬೆಂಕಿ ಹತ್ತುತ್ತದೆಂದು ಮಕ್ಕಳು ಆಗಲೇ ಕಂಡುಹಿಡಿದಿದ್ದರು. "ಜಲ್ ಗಯಾ ಟೀಚರ್!" ಎಂದು ಕೋಣೆಯ ತುಂಬ ಕೂಗು. ಗದರಿಸಲು ಬಾಯಿ ತೆರೆದವಳು ಹಾಗೇ ನಿಂತೆ. ಎಲ್ಲರಿಗಿಂತ ಹೆಚ್ಚು ಬೆಂಕಿ ಹಚ್ಚುತ್ತಿದ್ದವಳು ಅವಳೇ. ಸುಡುವುದು, ಅಳಿಸುವುದು, ಹೊಸ ಬಲ್ಬು ತಂದು ಮತ್ತೆ ಸುಡುವುದು. ಪಾಠ ಹಾಳಾಗಿ ಹೋಗಲಿ ಎಂದು ಸುಮ್ಮನಾದೆ. ಕೊನೆಗೆ ಅವಳೇ ತಿರುಗಿ, "ಎರಡು ಸೆಲ್ಲಿನ ತನಕ ತಡಕೋತದ್ರಿ, ಅದರ ಮ್ಯಾಲ ಹೋದ್ರ ಸುಡತದ," ಎಂದಳು. ನಾನು ಹೇಳಬೇಕೆಂದಿದ್ದ ಪಾಠದ ಅರ್ಧ ಅದೇ ಆಗಿತ್ತು.

ಮರುದಿನ ಮೇಜಿನ ಮೇಲೆ ನಿಜವಾದ ಸೆಲ್ಲುಗಳನ್ನೂ ಬಲ್ಬನ್ನೂ ಇಟ್ಟೆ. "ಬಾರವ್ವ, ಇದನ್ನೂ ಸುಡು."

ಅವಳ ಕೈ ಬೆನ್ನ ಹಿಂದೆಯೇ ಇತ್ತು. "ಇದು ಖರೇ ಅದ ಅಲ್ರಿ?"

"ಖರೇನ ಅದ. ಆದ್ರ ಟಾರ್ಚಿನ ಸೆಲ್ಲು, ಶಾಕ್ ಹೊಡೆಯೂದಿಲ್ಲ. ನಾ ಬಾಜೂಕ ನಿಂತೀನಿ."

ಒಂದು ಕೈ ಮುಂದೆ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಎರಡು ಸೆಲ್ಲಿಗೆ ಬಲ್ಬು ಹೊಳೆಯಿತು, ಅವಳ ಮುಖವೂ. ಪರದೆಯ ಮೇಲಿನ ರೂಢಿಯೋ ಏನೋ, ಅಲ್ಲಿಗೇ ನಿಲ್ಲಿಸದೆ ಇದ್ದಬದ್ದ ಸೆಲ್ಲುಗಳನ್ನೆಲ್ಲ ಸಾಲಾಗಿ ಜೋಡಿಸಿದಳು. ಬೆಂಕಿ ನೋಡಲು ಇಡೀ ತರಗತಿ ಮೇಜಿಗೆ ಮುತ್ತಿತು. ಬಲ್ಬು ಫಕ್ಕನೆ ಬೆಳ್ಳಗೆ ಹೊಳೆದು ಆರಿಹೋಯಿತು. ಬೆಂಕಿಯಿಲ್ಲ, ಹೊಗೆಯಿಲ್ಲ. ಇನ್ನು ಆ ಕೈ ಬೆನ್ನ ಹಿಂದೆ ಹೋದರೆ ಮತ್ತೆ ಮುಂದೆ ಬರುವುದಿಲ್ಲ ಅಂದುಕೊಂಡೆ.

ಅವಳು ಸುಟ್ಟ ಬಲ್ಬನ್ನು ತಾನೇ ಬಿಚ್ಚಿ, ಕಣ್ಣಿನ ಹತ್ತಿರ ಹಿಡಿದು, ತಿರುತಿರುಗಿಸಿ ನೋಡಿದಳು. ಆಮೇಲೆ ಮೋಸಹೋದವಳ ಹಾಗೆ ಮುಖ ಮಾಡಿ ಕೇಳಿದಳು:

"ಇಷ್ಟೇ ಏನ್ರಿ?"

ಸಂತೋಷಪಡುತ್ತ ನಿಲ್ಲಲು ಪುರುಸೊತ್ತಿರಲಿಲ್ಲ, ಅವಳ ಕಣ್ಣು ಆಗಲೇ ಗೋಡೆಯ ಪ್ಲಗ್ಗಿನ ಕಡೆ ಹೊರಳಿತ್ತು. "ಅದನ್ನ ಮುಟ್ಟಿಗಿಟ್ಟೀ, ನೋಡು ಮತ್ತ!" ಎಂದು ಗದರಿಸಿದೆ, ಮುಟ್ಟವ್ವ, ಮುಟ್ಟವ್ವ ಎಂದು ವರ್ಷವಿಡೀ ಗೋಗರೆದಿದ್ದ ಅದೇ ಬಾಯಿಂದ.