ಎರಡೇ ಗೆರೆಯ ಸಿಗ್ನಲ್

ನಮ್ಮ ದೇವರ ಗೂಡಿನಲ್ಲಿ ಮೊನ್ನೆಮೊನ್ನೆಯವರೆಗೂ ಲಕ್ಷ್ಮಿಯ ಪಟಕ್ಕೂ ಗಂಗಾಜಲದ ತಂಬಿಗೆಗೂ ನಡುವೆ ಒಂದು ಬಿಳಿಯ ಡಬ್ಬಿ ವಿರಾಜಮಾನವಾಗಿತ್ತು. ಅದಕ್ಕೆ ಎರಡು ಕೊಂಬು, ಹಣೆಯ ಜಾಗದಲ್ಲಿ ಮಿಣುಕುವ ಒಂದು ಹಸಿರು ದೀಪ, ದೀಪದ ಮೇಲ್ಗಡೆ ನಮ್ಮ ಯಜಮಾನರು ಅಕ್ಕರೆಯಿಂದ ಇಟ್ಟ ಕುಂಕುಮ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಇದ್ಯಾವ ದೇವರೆಂದು ಕೇಳುವ ಗೋಜಿಗೆ ಹೋಗದೆ ಅದಕ್ಕೂ ಸೇರಿಸಿಯೇ ಕೈಮುಗಿದು ಹೋದದ್ದುಂಟು. ನಿಮ್ಮಿಂದೇನು ಮುಚ್ಚುಮರೆ, ಅದು ವೈಫೈ ಬೂಸ್ಟರ್. ಮುಂದಿನ ಕೋಣೆಯಲ್ಲಿರುವ ವೈಫೈ ಬಾಕ್ಸು ಹೇಳುವುದನ್ನು ಕೇಳಿಸಿಕೊಂಡು ಒಳಮನೆಗೆ ತಿರುಗಿ ಹೇಳುವುದಷ್ಟೇ ಅದರ ಕಾಯಕ.

ಹಿಂದೂಪುರದ ಹಳೆಯ ಬೀದಿಗಳಲ್ಲಿ ಓಡಾಡಿದವರಿಗೆ ನಮ್ಮಂಥ ಮನೆಯ ಪರಿಚಯ ಮಾಡಿಸಬೇಕಾಗಿಲ್ಲ. ಮೊಳದಗಲದ ಕಲ್ಲಿನ ಗೋಡೆ, ಮೇಲೆ ಕಲ್ಲಿನ ಚಪ್ಪಡಿ, ಮುಂದಿನ ಕೋಣೆ ದಾಟಿದರೆ ಪಡಸಾಲೆ, ಅದನ್ನು ದಾಟಿದರೆ ದೇವರ ಗೂಡಿರುವ ನಡುಮನೆ. ಏಪ್ರಿಲ್ ತಿಂಗಳ ಬಿಸಿಲು ಬೀದಿಯಲ್ಲಿ ಕುಣಿಯುತ್ತಿರುವಾಗ ನಮ್ಮ ನಡುಮನೆಯಲ್ಲಿ ಹಾಯಾಗಿ ನಿದ್ದೆ ಮಾಡಬಹುದು. ಬಿಸಿಲನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸುವ ಆ ಗೋಡೆಗಳು ಮೊಬೈಲಿನ ಸಿಗ್ನಲ್ಲಿಗೂ ಅದೇ ಮರ್ಯಾದೆ ಮಾಡುತ್ತವೆ. ಆದ್ದರಿಂದ ವೈಫೈ ಬಂತು, ಅದರ ಹಿಂದೆ ಬೂಸ್ಟರೂ ಬಂತು. ಮನೆಗೆ ಬಂದ ಹೊಸ ವಸ್ತು ಮೊದಲು ದೇವರ ಮುಂದೆ ಕೂರಬೇಕೆಂಬುದು ಯಜಮಾನರ ನೇಮ. ಗೂಡಿನಲ್ಲಿ ಸೀರಿಯಲ್ ಲೈಟಿಗೆಂದು ಹಾಕಿಸಿದ್ದ ಪ್ಲಗ್ಗು ಹೇಗೂ ಇತ್ತು. ಡಬ್ಬಿಗೆ ಊದುಬತ್ತಿ ಬೆಳಗಿ, ತೆಂಗಿನಕಾಯಿ ಒಡೆದು, ಅಲ್ಲೇ ಪ್ರತಿಷ್ಠಾಪನೆ ಮಾಡಿಬಿಟ್ಟರು. ಅಂದಿನಿಂದ ನಡುಮನೆಯಲ್ಲಿ ಕೂತು ಫೋನು ತೆಗೆದರೆ ಸಿಗ್ನಲ್ಲಿನ ನಾಲ್ಕು ಗೆರೆಯೂ ಭರ್ತಿ. ಸೋಮಂದೇಪಲ್ಲಿಯಿಂದ ಹೆಣ್ಣು ನೋಡಲು ಬಂದ ಬೀಗರಿಗೆ ಕಾಫಿಗಿಂತ ಮೊದಲು ಆ ನಾಲ್ಕು ಗೆರೆಗಳನ್ನು ತೋರಿಸಿ ಬೀಗಿದವಳು ನಾನೇ.

ಹೀಗೆ ಬೀಗುತ್ತಿರುವಾಗಲೇ ಮಗಳು ಶೈಲಜಳ ಮದುವೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಮದುವೆಯ ಕೆಲಸ ಶುರುವಾಗುವುದು ಅರಿಶಿನ ಕುಟ್ಟುವುದರಿಂದ. ನಡುಮನೆಯ ನೆಲದಲ್ಲಿ ಹೂತಿರುವ ಒರಳಿನ ಸುತ್ತ ಐವರು ಮುತ್ತೈದೆಯರು ಒನಕೆ ಹಿಡಿದು ನಿಲ್ಲಬೇಕು, ಕಲ್ಯಾಣದುರ್ಗದ ಅತ್ತೆ ಹಾಡಬೇಕು, ಹಾಡಿನ ಮೊದಲ ಸೊಲ್ಲಿನ ಮೇಲೆ ಮೊದಲ ಪೆಟ್ಟು ಬೀಳಬೇಕು. ಈ ಅತ್ತೆ, ನಂಜಮ್ಮನವರು, ನಮ್ಮ ಯಜಮಾನರ ಸೋದರತ್ತೆ. ಎಂಬತ್ತರ ಆಸುಪಾಸು. ಅವರ ಹಾಡನ್ನು ರೆಕಾರ್ಡು ಮಾಡಿಟ್ಟುಕೊಂಡು ಕೆಲಸ ಮುಗಿಸುವಂತಿಲ್ಲ, ಯಾಕೆಂದರೆ ಒನಕೆ ಯಾರ ಕೈಯಲ್ಲಿದೆಯೋ ನೋಡಿ ಆಕೆಯ ಹೆಸರನ್ನು ಆ ಗಳಿಗೆಯಲ್ಲೇ ಸೊಲ್ಲಿಗೆ ಹೆಣೆಯುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಯಾರೂ ಇನ್ನೂ ನನ್ನನ್ನು ಹೆಸರು ಹಿಡಿದು ಕರೆಯದಿದ್ದ ಕಾಲದಲ್ಲಿ, ಒಂದು ಮದುವೆಯ ಒರಳಿನ ಮುಂದೆ ಅವರು ಹಾಡಿನೊಳಗೆ ‘ಸರೋಜ’ ಎಂದು ಕರೆದರು. ನಾನು ಈ ಮನೆಯವಳಾದದ್ದು ತಾಳಿ ಕಟ್ಟಿದ ದಿನವಲ್ಲ, ಆ ದಿನ.

ಆ ಅತ್ತೆ ಈಗ ಸೊಂಟದ ಮೂಳೆ ಮುರಿದುಕೊಂಡು ಕಲ್ಯಾಣದುರ್ಗದಲ್ಲಿ ಮಗಳ ಮನೆಯ ಮಂಚ ಹಿಡಿದಿದ್ದರು. ಹಿಂದೂಪುರಕ್ಕೆ ಬರುವ ಕಂಬದೂರಿನ ಕಡೆಯ ಹಾಳು ರಸ್ತೆಯಲ್ಲಿ ಕಾರಿನಲ್ಲಿ ಕೂಡ ಕೂರಿಸಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮದುವೆ ಮಂಟಪದವರು ತಮ್ಮ ಬಳಿ ಪೆನ್‌ಡ್ರೈವ್ ತುಂಬ ಶಾಸ್ತ್ರದ ಹಾಡುಗಳಿವೆ, ಒಂದನ್ನು ಹಾಕಿಕೊಳ್ಳಿ ಎಂದರು. ಶೈಲಜ ಒಪ್ಪಲಿಲ್ಲ. ಅಜ್ಜಿ ತನ್ನ ಹೆಸರನ್ನು ಹಾಡಿನಲ್ಲಿ ಹೇಳದೆ ತಾನು ಅರಿಶಿನ ಹಚ್ಚಿಸಿಕೊಳ್ಳುವುದಿಲ್ಲವೆಂದು ಪಟ್ಟು ಹಿಡಿದಳು. ಅದಕ್ಕೇನು ಯೋಚನೆ, ವಿಡಿಯೋ ಕಾಲಿನಲ್ಲಿ ಹಾಡಿಸೋಣ, ನಮ್ಮನೆಯಲ್ಲಿ ಸಿಗ್ನಲ್ ಫುಲ್ಲಿದೆಯಲ್ಲ ಎಂದು ಎದೆಯುಬ್ಬಿಸಿ ಹೇಳಿದವಳೂ ನಾನೇ.

ಶಾಸ್ತ್ರಕ್ಕೆ ಎರಡು ದಿನವಿರುವಾಗ ಬೆಳಿಗ್ಗೆ ಒರಳಿನ ಪಕ್ಕ ಫೋನು ನಿಲ್ಲಿಸಿ ಪರೀಕ್ಷೆ ಮಾಡಿದೆವು. ಅತ್ತೆ ಬಾಯಿ ತೆರೆದರು, ತೆರೆದ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಅರ್ಧ ಸೊಲ್ಲು ಬಂತು, ಅದರ ಬಾಲ ಇನ್ನೆಲ್ಲೋ ಉಳಿಯಿತು. ನಾವು ಒನಕೆ ಎತ್ತಿದಾಗ ಹಾಡಿಲ್ಲ, ಇಳಿಸಿ ಬೆವರು ಒರೆಸಿಕೊಳ್ಳುವಾಗ ಹಾಡು. ಫೋನಿನಲ್ಲಿ ಮಾತ್ರ ನಾಲ್ಕು ಗೆರೆಯೂ ನೆಟ್ಟಗೆ ನಿಂತಿದ್ದವು. ಇಂಟರ್‌ನೆಟ್ ಆಫೀಸಿಗೆ ಫೋನು ಮಾಡಿದರೆ ಅಲ್ಲಿನ ಹೆಣ್ಣುಮಗಳು “ಸಿಗ್ನಲ್ ಫುಲ್ ಉಂದಿ ಕದಮ್ಮಾ” ಎಂದು, ಅಂದರೆ ಇದೆಯಲ್ಲಮ್ಮಾ ಎಂದು, ತೆಲುಗಿನಲ್ಲಿ ನಯವಾಗಿ ನನ್ನ ಬಾಯಿ ಮುಚ್ಚಿಸಿದಳು. ಸಿಗ್ನಲ್ ಫುಲ್ಲಿರುವವರಿಗೆ ದೂರು ಕೊಡುವ ಹಕ್ಕಿಲ್ಲವೆಂದು ಆ ದಿನ ತಿಳಿಯಿತು. ಅತ್ತ ಕಲ್ಯಾಣದುರ್ಗದಲ್ಲಿ ಅತ್ತೆ, ತಮ್ಮ ಗಂಟಲೇ ಹೋಯಿತೇನೋ, ಅದನ್ನು ಹೇಳಲಾರದೆ ಇವರು ವೈಫೈ ಮೇಲೆ ಹಾಕುತ್ತಿದ್ದಾರೇನೋ ಎಂದು ಮಗಳ ಹತ್ತಿರ ಕಣ್ಣೀರು ಹಾಕಿದರಂತೆ. ಅದನ್ನು ಕೇಳಿ ನನಗೆ ನಾಲ್ಕು ಗೆರೆಗಳ ಮೇಲೆ ಕೆಟ್ಟ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಫೋನು ಹಿಡಿದು ಮನೆಯಿಡೀ ತಿರುಗಿದೆ. ಮುಂದಿನ ಕೋಣೆಯಲ್ಲಿ, ವೈಫೈ ಬಾಕ್ಸಿನ ಎದುರು ನಿಂತು ಕರೆ ಮಾಡಿದಾಗ ಅತ್ತೆಯ ಮೂಗುಬೊಟ್ಟಿನ ಹರಳು ಕೂಡ ಹೊಳೆಯುವುದು ಕಂಡಿತು. ಅಲ್ಲೂ ನಾಲ್ಕೇ ಗೆರೆ, ನಡುಮನೆಯಲ್ಲೂ ನಾಲ್ಕೇ ಗೆರೆ. ಅಲ್ಲಿ ಮಾತು ಹರಿಯುತ್ತದೆ, ಇಲ್ಲಿ ಕಟ್ಟಿಕೊಳ್ಳುತ್ತದೆ. ಒರಳನ್ನೇನು ಮುಂದಿನ ಕೋಣೆಗೆ ಹೊತ್ತು ತರಲಾದೀತೇ? ಈ ವಿಚಿತ್ರವನ್ನು ಯಜಮಾನರ ಮುಂದೆ ಇಟ್ಟೆ. ಅವರು ಊರಿಗೆ ನೀರು ಬಿಡುವ ಕೆಲಸದಲ್ಲಿ, ಬೀದಿಬೀದಿಯ ವಾಲ್ವು ತಿರುಗಿಸಿಕೊಂಡು ಆಯಸ್ಸು ಕಳೆದವರು. ಫೋನಿನಲ್ಲಿ ಫೋಟೋ ಹುಡುಕುವುದಕ್ಕೂ ನನ್ನನ್ನು ಕರೆಯುವವರು. ಪೇಪರಿನಿಂದ ತಲೆಯೆತ್ತದೆ ಹೇಳಿದರು:

“ನಲ್ಲಿ ಎಷ್ಟ್ ದಪ್ಪ ಇದ್ರೇನೇ, ಲೈನ್‌ನಾಗೆ ನೀರ್ ಇಲ್ದಿದ್ರೆ ಬರೋದು ಗಾಳೀನೇ.”

ಹೇಳಿ ಮತ್ತೆ ಪೇಪರಿಗೆ ಹೋದರು. ತಾವು ಏನು ಹೇಳಿಬಿಟ್ಟೆವೆಂದು ಅವರಿಗೇ ಗೊತ್ತಿರಲಿಲ್ಲ. ನನಗೆ ಮಾತ್ರ ಎಲ್ಲವೂ ಥಟ್ಟನೆ ಹೊಳೆಯಿತು. ಫೋನಿನ ನಾಲ್ಕು ಗೆರೆ ಹೇಳುವುದು ಫೋನಿಗೂ ಗೂಡಿನ ಡಬ್ಬಿಗೂ ಇರುವ ಸಲಿಗೆಯನ್ನು ಮಾತ್ರ. ಆ ಡಬ್ಬಿಗೂ ಮುಂದಿನ ಕೋಣೆಗೂ ನಡುವೆ ಎರಡು ಕಲ್ಲಿನ ಗೋಡೆ ಅಡ್ಡ ನಿಂತಿವೆ. ತಾನೇ ಅರೆಬರೆ ಕೇಳಿಸಿಕೊಂಡದ್ದನ್ನು ಅದು ಪೂರ್ತಿ ಗಂಟಲಿನಲ್ಲಿ ನಮಗೆ ಸಾರುತ್ತಿತ್ತು. ಆ ಗಂಟಲು ಕೇಳಿ ನಾವು ಭಲೇ ಎನ್ನುತ್ತಿದ್ದೆವು.

ಇಲ್ಲಿ ಒಂದು ಗಳಿಗೆ ನಿಲ್ಲೋಣ, ಯಾಕೆಂದರೆ ನಾನೂ ಅಲ್ಲೇ ನಿಂತೆ. ಗಡಿಯ ಕನ್ನಡ ಶಾಲೆಗಳಲ್ಲಿ, ಕೆಲವು ವರ್ಷ ಸೆಟ್ಟೂರಿನ ಕಡೆ, ಉಳಿದದ್ದು ಇಲ್ಲಿ, ಮೇಷ್ಟ್ರಮ್ಮನಾಗಿ ದುಡಿದವಳು ನಾನು. ನನ್ನ ದನಿ ಮೂರು ತರಗತಿಗಳಾಚೆ ಕೇಳುತ್ತದೆಂದು ಹೆಡ್‌ಮಾಸ್ತರರು ಹೊಗಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ಆದರೆ ಗೈಡು ಓದಿಕೊಂಡು ಹೋಗಿ, ಪದ್ಯ ನನಗೇ ಪೂರ್ತಿ ಕೇಳಿಸಿರದಿದ್ದರೂ, ಏರುದನಿಯಲ್ಲಿ ಪಾಠ ಮಾಡಿ ಬಂದ ದಿನಗಳು ಎಷ್ಟಿಲ್ಲ! ಮನೆಯಲ್ಲಿ ತೆಲುಗಾಡುವ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟರೆ ಇನ್ನೂ ಒಂದು ಸ್ಥಾಯಿ ಏರಿಸುತ್ತಿದ್ದೆ. ಅವರ ದಡ್ಡತನವೆಂದು ನಾನು ತಿಳಿದದ್ದರಲ್ಲಿ ನನ್ನ ಪಾಲೂ ಇತ್ತೆಂಬುದು ಒಂದು ಪ್ಲಾಸ್ಟಿಕ್ ಡಬ್ಬಿಯ ಮುಂದೆ ನಿಂತಾಗ ಅರಿವಾಯಿತು. ಮಾತು ದಾಟಿಸುವವರು ಯಾರೇ ಆಗಲಿ, ಕೇಳುವವರ ಪಕ್ಕ ಕೂತರೆ ಸಾಲದು, ಮೊದಲು ತಾವು ಕೇಳಿಸಿಕೊಳ್ಳುವಷ್ಟು ದೂರ ನಡೆದು ಹೋಗಬೇಕು. ನಿಮ್ಮ ಪರಿಚಯದಲ್ಲೂ ನಾಲ್ಕು ಗೆರೆಯ ಮಹನೀಯರು ಇದ್ದೇ ಇರುತ್ತಾರೆ, ನೆನಪಿಸಿಕೊಳ್ಳಿ.

ಆತ್ಮಶೋಧನೆ ಅಲ್ಲಿಗೆ ಸಾಕು ಮಾಡಿ ಕಾರ್ಯಕ್ಕಿಳಿದೆ. ಡಬ್ಬಿಯನ್ನು ಗೂಡಿನಿಂದ ತೆಗೆದು ಪಡಸಾಲೆಯಲ್ಲಿ, ಬಟ್ಟೆ ಇಸ್ತ್ರಿ ಮಾಡುವ ಪ್ಲಗ್ಗಿಗೆ ಸಿಕ್ಕಿಸಬೇಕು. ಅಲ್ಲಿಂದ ಒಂದು ಕಡೆ ಮುಂದಿನ ಕೋಣೆಯ ಬಾಗಿಲು, ಇನ್ನೊಂದು ಕಡೆ ನಡುಮನೆಯ ಬಾಗಿಲು, ಎರಡೂ ನೇರ. ಆದರೆ ಯಜಮಾನರು ಗೂಡಿಗೆ ಅಡ್ಡ ನಿಂತರು. ಪೂಜೆ ಮಾಡಿ ಕೂರಿಸಿದ್ದನ್ನು ಮದುವೆಯ ಮನೆಯಲ್ಲಿ, ಅದೂ ಇಸ್ತ್ರಿಪೆಟ್ಟಿಗೆಯ ಜಾಗಕ್ಕೆ ಎತ್ತಿಹಾಕಿದರೆ ಮಗಳಿಗೆ ಒಳ್ಳೆಯದಾಗುವುದಿಲ್ಲವೆಂಬ ಭಯ ಅವರಿಗೆ. ನಾನು ವಾದಿಸಿದೆ, ಗದರಿದೆ, ಮಾತು ಬಿಟ್ಟು ಮುನಿಸಿಕೊಂಡೂ ನೋಡಿದೆ. ಯಾವುದಕ್ಕೂ ಜಗ್ಗಲಿಲ್ಲ. ಅಪ್ಪನ ಭಯವನ್ನು ನೋಡಿದ ಶೈಲಜಳ ಮುಖವೂ ಬಾಡಿತು. ಶಾಸ್ತ್ರಕ್ಕೆ ಉಳಿದದ್ದು ಒಂದೇ ದಿನ.

ಕೊನೆಗೆ ಬೀದಿಗೆ ಹೋಗಿ ಅತ್ತೆಗೆ ಮಾಮೂಲು ಫೋನು ಮಾಡಿ ವಿಷಯ ಒಪ್ಪಿಸಿದೆ. ಅವನ ಕೈಗೆ ಕೊಡು ಎಂದರು. ನಮ್ಮ ಯಜಮಾನರಂಥ ಯಜಮಾನರನ್ನು ಏಕವಚನದಲ್ಲಿ ಕರೆಯಲು ಉಳಿದಿರುವುದು ಅವರೊಬ್ಬರೇ. ಯಜಮಾನರನ್ನು ಬೀದಿಗೆ ಕರೆದು, ಸ್ಪೀಕರ್ ಹಾಕಿ ಹಿಡಿದೆ.

“ಲೇ ರಾಮಾಂಜಿ, ಮೂರ್ ದಿನ ಪೂಜೆ ಮಾಡಿದ್ ಗಣಪತೀನೇ ಕದಲ್ಸಿ ಕೆರೆಗ್ ಬಿಟ್ಟು ಬತ್ತೀವಿ. ಈ ಡಬ್ಬಿ ಅದಕ್ಕಿಂತ ದೊಡ್ದೇನ್ಲಾ? ಒಸಿ ಅಕ್ಷತೆ ಹಾಕು, ಕದಲ್ಸು, ಎತ್ಕೊಂಡ್ ಹೋಗು. ನಾನ್ ಹಾಡ್ಬೇಕು ಕಣ್ಲಾ.”

ಪೂಜೆ ಮುಗಿದ ಮೇಲೆ ಕಲಶವನ್ನೋ ಮೂರ್ತಿಯನ್ನೋ ಕೂತ ಜಾಗದಿಂದ ಒಂದಿಷ್ಟು ಸರಿಸುವುದುಂಟಲ್ಲ, ಅದೇ ಕದಲಿಸುವುದು. ಸರಿಸಿದ ಕ್ಷಣಕ್ಕೆ ದೇವರು ತನ್ನ ದಾರಿ ಹಿಡಿಯುತ್ತಾನೆ, ಉಳಿದದ್ದು ಮಣ್ಣು, ತಾಮ್ರ, ಕಾಯಿ. ಯಜಮಾನರು ಕಾಲು ತೊಳೆದು ಬಂದರು. ಡಬ್ಬಿಯ ಮೇಲೆ ಅಕ್ಷತೆ ಹಾಕಿ, ಎರಡು ಕೈಯಲ್ಲಿ ಹಿಡಿದು ಒಂದಂಗುಲ ಉತ್ತರಕ್ಕೆ ಸರಿಸಿ, ಕಣ್ಣುಮುಚ್ಚಿ ಏನೋ ಅಂದುಕೊಂಡರು. ಆಮೇಲೆ ತಾವೇ ಅದನ್ನು ಪಡಸಾಲೆಗೆ ಹೊತ್ತು ತಂದು ಇಸ್ತ್ರಿಯ ಪ್ಲಗ್ಗಿಗೆ ಸಿಕ್ಕಿಸಿದರು. ನಡುಮನೆಗೆ ಓಡಿ ಫೋನು ನೋಡಿದೆ. ನಾಲ್ಕು ಗೆರೆ ಎರಡಾಗಿತ್ತು. ಆದರೆ ಕರೆ ಮಾಡಿದ್ದೇ ತಡ, ಅತ್ತೆ ಕೆಮ್ಮಿದ್ದು, ಪಕ್ಕದಲ್ಲಿ ಲೋಟ ಇಟ್ಟ ಸದ್ದು, ಅವರ ಮನೆಯ ಫ್ಯಾನು ಕಿರುಗುಟ್ಟಿದ್ದು, ಸಮಸ್ತವೂ ಕೇಳಿಸಿತು.

ಮಾರನೆಯ ಬೆಳಿಗ್ಗೆ ಒರಳಿನ ಸುತ್ತ ಐವರು ನಿಂತೆವು. ಫೋನನ್ನು ಎದುರಿನ ಕಂಬಕ್ಕೆ ಒರಗಿಸಿದ್ದೆವು. ಮಂಚದ ಮೇಲೆ ದಿಂಬಿಗೆ ಒರಗಿದ ಅತ್ತೆ ನಮ್ಮನ್ನೆಲ್ಲ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಗಂಟಲು ಸರಿಪಡಿಸಿಕೊಂಡು, ಸೊಲ್ಲೆತ್ತಿದರು. ಮೊದಲ ಪೆಟ್ಟು ಸೊಲ್ಲಿನ ನೆತ್ತಿಯ ಮೇಲೆ ಬಿತ್ತು. ಅವರು ಹೇಳಿದರು, ನಾವು ತಿರುಗಿ ಹೇಳಿದೆವು. ಒನಕೆ ಕೈಬದಲಾದಂತೆಲ್ಲ ಹೆಸರೂ ಬದಲಾಯಿತು, ಒಂದೂ ತಪ್ಪಲಿಲ್ಲ. ಶೈಲಜಳ ಹೆಸರು ಬಂದಾಗ ಅವಳು ಅತ್ತಳು, ನನ್ನ ಹೆಸರು ಬಂದಾಗ ನಾನೂ ಕಣ್ಣೊರೆಸಿಕೊಂಡೆ. ಅರಿಶಿನದ ಘಾಟೆಂದು ಇಬ್ಬರೂ ಸುಳ್ಳು ಹೇಳಿದೆವು. ಹಾಡು ಮುಗಿಯುವ ಹೊತ್ತಿಗೆ ಅತ್ತೆ ಕಣ್ಣು ಮಿಟುಕಿಸಿ, ಹುಟ್ಟಿದಾಗಿನಿಂದ ಒನಕೆ ಮುಟ್ಟದ ರಾಮಾಂಜಿಯ ಹೆಸರನ್ನೂ ಕೊನೆಯ ಸೊಲ್ಲಿಗೆ ಸೇರಿಸಿಬಿಟ್ಟರು. ಹೆಂಗಸರ ಹಾಡಿನಲ್ಲಿ ಗಂಡಸಿನ ಹೆಸರು ನಮ್ಮ ಮನೆಯಲ್ಲಿ ಅದೇ ಮೊದಲು. ಪಡಸಾಲೆಯ ಬಾಗಿಲಲ್ಲಿ, ಡಬ್ಬಿಯ ಪಕ್ಕ ಕಾವಲು ನಿಂತಿದ್ದ ಯಜಮಾನರು ಎಲ್ಲಿ ನೋಡಬೇಕೆಂದು ತೋಚದೆ ಚಪ್ಪಡಿಯನ್ನು ನೋಡಿದರು.

ಮದುವೆ ಮುಗಿದಿದೆ. ಡಬ್ಬಿ ಈಗಲೂ ಇಸ್ತ್ರಿಪೆಟ್ಟಿಗೆಯ ನೆರೆಯಲ್ಲೇ ಇದೆ. ಅದರ ಮೇಲೆ ಮತ್ತೆ ಕುಂಕುಮ ಬಂದು ಕೂತಿದೆ, ನಾನು ನೋಡಿಯೂ ನೋಡದವಳಂತಿದ್ದೇನೆ. ನಿನ್ನೆ ಸೋಮಂದೇಪಲ್ಲಿಯ ಅದೇ ಬೀಗರು ಬಂದಿದ್ದರು. ನಡುಮನೆಯಲ್ಲಿ ಕೂತು ಫೋನು ತೆಗೆದ ಬೀಗಿತ್ತಿ, ಏನಮ್ಮ, ಮೊದಲು ನಾಲ್ಕಿತ್ತಲ್ಲ, ಸಿಗ್ನಲ್ ಕಡಿಮೆಯಾಗಿದೆ ಎಂದು ಕನಿಕರಪಟ್ಟರು. ನಾನು ಕಾಫಿಯ ಲೋಟವನ್ನು ಅವರ ಕೈಗಿಟ್ಟು, ಎಂದಿಗಿಂತ ಹೆಚ್ಚು ಬೀಗಿ ಹೇಳಿದೆ:

“ಹೂಂ ಕಣಮ್ಮ, ಎರಡೇ ಗೆರೆ. ಕಲ್ಯಾಣದುರ್ಗ ಪೂರ್ತಿ ಕೇಳುಸ್ತದೆ.”