ಒಡ್ಡಿನ ಮ್ಯಾಲಿನ ಕವಳಿ ಗಿಡ

ಕವಳಿ ಹಣ್ಣು ಹರಿಯಾಕ ಹೋಗೋರು ತುಂಬು ತೋಳಿನ ಅಂಗಿ ಹಾಕ್ಕೊಂಡು ಹೋಗಬೇಕು. ಮುಳ್ಳು ಯಾರನ್ನೂ ಬಿಡೂದಿಲ್ಲ. ಹಣ್ಣು ಹರದ ಜಾಗಾದಾಗ ಬಿಳಿ ಹಾಲು ಬರ್ತೈತಿ, ಅದು ಬಟ್ಟಿಗೆ ಹತ್ತಿದ್ರ ಯಾವ ಸಾಬಾನಕ್ಕೂ ಹೋಗೂದಿಲ್ಲ. ಇದಿಷ್ಟು ನಮ್ಮ ಅಕ್ಕ ನನಗ ಕಲಿಸಿದ ವಿದ್ಯಾ. ಉಳದದ್ದು ನಾನ ಕಲತೆ, ಅದೂ ತಡಾ ಆಗಿ.

ನಮ್ಮದು ಹಿರೇಬೆಂಡಿಗೇರಿ. ಅಕ್ಕ ನನಗಿಂತ ಆರು ವರ್ಷ ದೊಡ್ಡಾಕಿ, ಹಿರೇಕೆರೂರಿಗೆ ಕೊಟ್ಟೈತಿ. ಬ್ಯಾಸಗಿ ಮುಗೀತಾ ಬಂದು ಒಂದೆರಡು ಅಡ್ಡಮಳಿ ಬಿದ್ವು ಅಂದ್ರ ಅಕಿ ಬಸ್ಸು ಹತ್ತಾಕಿ. ಹಾವೇರಿಗೆ ಬಂದು, ಅಲ್ಲಿಂದ ಶಿಗ್ಗಾಂವಿ ಬಸ್ಸು ಹಿಡದು, ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಮನ್ಯಾಗ ಇರ್ತಿದ್ಲು. ಕೈಯಾಗ ಒಂದು ಖಾಲಿ ಡಬ್ಬಿ, ಉಪ್ಪಿನಕಾಯಿ ತುಂಬ್ಕೊಂಡು ಹೋಗಾಕ. ತವರಮನಿಗೆ ಬರೋರು ಏನರ ತರ್ತಾರ, ನೀ ಖಾಲಿ ಡಬ್ಬಿ ತರ್ತಿ ಅಂತ ನಾ ಪ್ರತಿ ವರ್ಷ ಕಾಡತಿದ್ದೆ. ಅಕಿ ಪ್ರತಿ ವರ್ಷ ನಗತಿದ್ಲು.

ಮರುದಿನ ಚಹಾ ಕುಡದು ಇಬ್ರೂ ಹೊಂಡತಿದ್ವಿ. ಮೊದಲು ಕೆರಿ ದಂಡಿ, ಅಲ್ಲಿ ಈಚಲ ಹಣ್ಣು. ಆಮ್ಯಾಲ ಗುಡ್ಡದ ಬುಡದಾಗ ಒಂದು ನೇರಲ ಮರ, ಹಣ್ಣು ಆಗಿದ್ರ ಆತು, ಇಲ್ಲಾಂದ್ರ ಇಲ್ಲ. ಕಡೀಕ ನಮ್ಮ ಹೊಲ. ಹೊಲದ ನಡಬರಕ ಒಂದು ಹಳೇ ಒಡ್ಡು, ಒಡ್ಡಿನ ಮ್ಯಾಲ ಆಳೆತ್ತರದ ಕವಳಿ ಗಿಡ. ಕಪ್ಪಾದ ಹಣ್ಣು ಅಲ್ಲೇ ತಿನ್ನೂದು, ಹಸರಗಾಯಿ ಉಪ್ಪಿನಕಾಯಿಗೆ. ಅಕ್ಕಗ ಗಂಡನ ಮನ್ಯಾಗ ಏನೂ ಕಡಿಮಿ ಇರಲಿಲ್ಲ, ಹತ್ತಿ ವ್ಯಾಪಾರದ ದೊಡ್ಡ ಮನಿ. ಆದ್ರ ಆ ಗಿಡದ ಮುಂದ ನಿಂತ್ರ ಸೆರಗು ಸೊಂಟಕ್ಕ ಸಿಗಿಸಿ ಹನ್ನೆರಡು ವರ್ಷದಾಕಿ ಆಗತಿದ್ಲು.

ಸಣ್ಣವರಿದ್ದಾಗ ನಮ್ಮದೊಂದು ಆಟ ಇತ್ತು. ಹಣ್ಣು ಮುಷ್ಟ್ಯಾಗ ಹಿಡದು ಹುಂಜೋ ಹ್ಯಾಂಟಿಯೋ ಅಂತ ಕೇಳೂದು. ಕಡದು ನೋಡಿದ್ರ ಒಳಗ ಕೆಂಪಿತ್ತಂದ್ರ ಹುಂಜ, ಬೆಳ್ಳಗಿತ್ತಂದ್ರ ಹ್ಯಾಂಟಿ. ಸೋತಾವ್ರು ಬುಟ್ಟಿ ಹೊರಬೇಕು. ಅಕ್ಕ ಯಾವಾಗಲೂ ಮೊದಲ ಹುಂಜ ಅಂದುಬಿಡತಿದ್ಲು, ನನಗ ಹ್ಯಾಂಟಿನ ಉಳೀತಿತ್ತು; ಹೊಲದಿಂದ ಮನಿ ತನಕ ಬುಟ್ಟಿ ಯಾವಾಗಲೂ ನನ್ನ ತಲಿ ಮ್ಯಾಲ. ನಮ್ಮ ಗಿಡದ ಹಣ್ಣು ಎಲ್ಲಾವೂ ಹುಂಜ ಅಂತ ನನಗ ತಿಳಿಯೂದರಾಗ ಅಕ್ಕನ ಮದುವಿ ಆಗಿತ್ತು. ಎಂಥಾ ಮಳ್ಳ ಇದ್ದೆ ಅಂತ ಈಗೂ ಸಿಟ್ಟು ಬರ್ತೈತಿ.

ಅಪ್ಪ ತೀರಿಕೊಂಡ ಮ್ಯಾಲ ಹೊಲ ನನ್ನ ಹೆಸರಿಗೆ ಆಗಬೇಕಿತ್ತು. ತನ್ನ ಪಾಲು ಬ್ಯಾಡ ಅಂತ ಅಕ್ಕ ಕಾಗದಕ್ಕ ಸಹಿ ಮಾಡಬೇಕು. ನಮ್ಮ ಕಡೆ ಹೆಣ್ಣಮಕ್ಕಳು ಮಾಡೂದ ಹಂಗ; ಮಾಡಲಿಲ್ಲಂದ್ರ ತವರಮನಿ ಬಾಗಲಾ ಮುಚ್ಚತೈತಿ ಅಂತ ಎಲ್ಲಾರೂ ಅಂತಾರ. ನಾ ಬಾಯಿ ಬಿಟ್ಟು ಕೇಳಲಿಲ್ಲ, ಆದ್ರ ಬ್ಯಾಡ ಅಂತನೂ ಅನ್ನಲಿಲ್ಲ. ಶಿಗ್ಗಾಂವಿ ಕಚೇರ್ಯಾಗ ಅಕಿ ಪೆನ್ನು ಹಿಡದು ನನ್ನ ಮಾರಿ ನೋಡಿದ್ಲು.

"ಹೊಲಾ ನೀನ ಇಟ್ಕೊ," ಅಂದ್ಲು. "ಒಡ್ಡಿನ ಮ್ಯಾಲಿನ ಕವಳಿ ಗಿಡ ಒಂದು ನಂದಿರ್ಲಿ."

ಅಲ್ಲಿದ್ದವ್ರೆಲ್ಲಾ ನಕ್ರು. ನಾನೂ ನಕ್ಕೆ. ಆತು ತಗೋ ಅಂದೆ.

ಹ್ವಾದ ಚಳಿಗಾಲದಾಗ ಗೋವಿನಜ್ವಾಳ ಕಿತ್ತ ಮ್ಯಾಲ ಬಾಜೂಕಿನ ಹೊಲಕ್ಕ ಜೆಸಿಬಿ ಬಂದಿತ್ತು. ನಾನೂ ಕರದೆ. ಒಡ್ಡು ತಗಸಿ ಎರಡು ತುಂಡು ಒಂದು ಮಾಡಿದ್ರ ಟ್ರ್ಯಾಕ್ಟರ್ ತಿರುಗಾಕ ಸಲೀಸು. ಡ್ರೈವರ್ ಗಿಡದ ಹತ್ತಿರ ಬಂದು ಗಾಡಿ ನಿಂದ್ರಿಸಿ, ಇದನ್ನ ಬಿಡ್ಲೇನ್ರಿ ಅಂತ ಕೇಳಿದ. ಮರತಿದ್ದೆ ಅಂದ್ರ ಸುಳ್ಳಾಕ್ಕೈತಿ. ನೆನಪಿತ್ತು. ಒಂದು ಮುಳ್ಳಿನ ಗಿಡ, ಅದಕ್ಕೇನ ಮಹಾ ಅಂತ ನನಗ ನಾನ ಹೇಳ್ಕೊಂಡು, ತಗಿ ಅಂತ ಕೈ ಬೀಸಿದೆ. ಎರಡು ಸಲ ಎತ್ತೂದರಾಗ ಬೇರು ಮ್ಯಾಲ ಬಂತು.

ಬ್ಯಾಸಗಿ ಬರೂತನಕ ಆರಾಮ ಇದ್ದೆ. ಅಕ್ಕ ನಾಳೆ ಬರ್ತೇನಿ ಅಂತ ಫೋನ್ ಮಾಡಿದ್ಲು. ಅವತ್ತ ಅಕ್ಕಿಆಲೂರಿನ ಸಂತಿ. ಹಾನಗಲ್ಲ ಅಡವಿ ಕಡೆಯ ಹೆಣ್ಣಮಕ್ಕಳು ಎಲಿ ದೊನ್ನ್ಯಾಗ ಕವಳಿ ಇಟ್ಕೊಂಡು ಕುಂತಿರ್ತಾರ. ಬೈಕ್ ಹತ್ತಿ ಹೋಗಿ ಹಣ್ಣು, ಕಾಯಿ ಎರಡೂ ತಂದು ಬುಟ್ಟ್ಯಾಗ ಸುರುವಿದೆ. ನಿಜಾ ಕಾಣ್ಲಿ ಅಂತ ಮ್ಯಾಲ ನಾಕು ಎಲಿನೂ ಹಾಕಿದೆ. ಅಂಥಾ ಶಾಣ್ಯಾತನ ಬ್ಯಾರೆ.

ಅಕ್ಕ ಬಂದು ಕೈಕಾಲು ತೊಳಕೊಂಡು ಕಟ್ಟಿ ಮ್ಯಾಲ ಕುಂತ್ಲು. ನಿನ್ನ ಮೊಣಕಾಲು ನೋಯ್ತಾವಲ್ಲ, ಅದಕ್ಕ ನಾನ ಹರಕೊಂಡು ಬಂದೇನಿ ಅಂತ ಬುಟ್ಟಿ ಮುಂದಿಟ್ಟೆ. ಅಕಿಗೆ ಭಾಳ ಖುಷಿ ಆತು. ಹುಟ್ಟಿದಾಗಿಂದ ಇವತ್ತ ಮೊದಲನೇ ಸಲ ತಾನಾಗೇ ಬುಟ್ಟಿ ಹೊತ್ತಾನ ನೋಡವಾ ಅಂತ ನನ್ನ ಹೆಂಡತಿಗೆ ಹೇಳಿದ್ಲು. ಹೆಂಡತಿ ಎದ್ದು ಒಳಗ ಹೋದ್ಲು.

ಅಕ್ಕ ಒಂದು ಹಣ್ಣು ಮುಷ್ಟ್ಯಾಗ ಹಿಡದು ನನ್ನ ಮುಂದ ಚಾಚಿದ್ಲು. ನಾ ಹುಂಜ ಅಂದೆ. ಅಕಿ ಅರ್ಧಾ ಕಡದು ನೋಡಿದ್ಲು. ಬೆಳ್ಳಗಿತ್ತು. ಇನ್ನೊಂದು ಕಡದ್ಲು, ಅದೂ ಬೆಳ್ಳಗ. ಮೂರನೇದ್ದು ಕಡದು ಬುಟ್ಟಿ ಅಂಚಿಗೆ ಇಟ್ಲು.

"ಗಿಡ ಯಾವಾಗ ತಗಿಸಿದಿ?" ಅಂತ ಕೇಳಿದ್ಲು.

ತಪ್ಪು ನಂದಿದ್ದಾಗ ನನ್ನ ದನಿ ಏರತೈತಿ, ಅದು ನನ್ನ ಕೆಟ್ಟ ಚಟ. ಒಂದು ಮುಳ್ಳಿನ ಗಿಡಕ್ಕ ಎಷ್ಟು ರಂಪ ಅಂದೆ, ಟ್ರ್ಯಾಕ್ಟರ್ ಅಂದೆ, ಒಕ್ಕಲುತನ ಮಾಡಿ ನೋಡು ಗೊತ್ತಾಕ್ಕೈತಿ ಅಂದೆ. ರಂಪ ಮಾಡಾಕತ್ತಾಂವ ನಾನೊಬ್ಬನ. ಅಕಿ ಚಪ್ಪಲಿ ಮೆಟ್ಟಿಕೊಂಡು ಹೊಲದ ಹಾದಿ ಹಿಡದ್ಲು. ನಾ ಹಿಂದ ಹೋದೆ. ಕೆರಿ ದಂಡ್ಯಾಗ ಈಚಲ ಹಣ್ಣು ಉದುರಿ ಬಿದ್ದಿದ್ವು, ಇಬ್ರೂ ಬಗ್ಗಲಿಲ್ಲ.

ಹೊಲ ಹರಗಿ ಸಪಾಟ ಆಗಿತ್ತು. ನನಗ ಜಾಗಾ ಗುರ್ತ ಸಿಗಲಿಲ್ಲ. ಅಕಿಗೆ ಸಿಕ್ತು. ದೂರದ ಬೇವಿನ ಮರ ನೋಡಿ, ಗುಡ್ಡ ನೋಡಿ, ನಾಕು ಹೆಜ್ಜಿ ಸರದು ನಿಂತ್ಲು.

"ಸಹಿ ಮಾಡುವಾಗ ನಾ ಚ್ಯಾಷ್ಟಿ ಮಾಡಿದ್ದಿಲ್ಲಪಾ," ಅಂದ್ಲು.

ನನಗ ಭಾಳ ನಾಚಿಕಿ ಆತು. ಹೊಲದಾಗಿನ ತನ್ನ ಪಾಲು ಬಿಟ್ಟುಕೊಟ್ಟಾಕಿಗೆ ಒಂದು ಗಿಡ ಉಳಸಿ ಕೊಡಲಿಕ್ಕೆ ಆಗಲಿಲ್ಲ ನನ್ನ ಕಡಿಂದ. ಹೊಸಾ ಗಿಡ ತಂದು ಹಚ್ಚತೇನಿ ಅಂದೆ. ಬ್ಯಾಡ ಅಂದ್ಲು. ಹೊಸಾದು ಯಾರದೋ ಗಿಡ, ತನ್ನದು ಹೋತು, ಆದ್ರ ಜಾಗಾ ಎಲ್ಲೂ ಹೋಗಿಲ್ಲ ಅಂದ್ಲು. ಗಿಡದ ನೆರಳು ಬೀಳೂವಷ್ಟು ಅಗಲಕ್ಕ ಸುತ್ತ ನಡದು ನಾಕು ಕಲ್ಲು ಇಟ್ಲು. ಇದರಾಗ ಏನೂ ಬಿತ್ತಬ್ಯಾಡ ಅಂತ ಹೇಳಿ ತಿರುಗಿದ್ಲು. ಮರುದಿನ ಡಬ್ಬಿ ಖಾಲಿ ಹೋತು.

ರೋಹಿಣಿ ಮಳಿಗೆ ಬಿತ್ತಿಗಿ ಮಾಡಿದ್ವಿ. ಕಲ್ಲಿನ ಹತ್ತಿರ ಬಂದಾಗ ಟ್ರ್ಯಾಕ್ಟರ್ ಸುತ್ತ ಹಾಕಿಸಿದೆ. ತಿರುಗಾಕ ಮೊದಲಿಗಿಂತ ಹೆಚ್ಚು ತ್ರಾಸ. ಈಗ ಗೋವಿನಜ್ವಾಳ ಎದಿಮಟ ಬಂದೈತಿ, ನಡಬರಕ ಅಷ್ಟು ಜಾಗಾ ಬೋಳು. ಕಸಾ ತಗ್ಯಾಕ ಬಂದ ಹೆಣ್ಣಮಕ್ಕಳು ಇಲ್ಲಿ ಯಾಕ್ರೀ ಬಿತ್ತಿಲ್ಲ ಅಂತ ಕೇಳಿದ್ರು.

ಅದು ನಮ್ಮ ಅಕ್ಕನ ಹೊಲರಿ ಅಂದೆ.